ಅಕ್ಕನ ಚಿತ್ರ ಉಳಿಯಿತು, ತಂಗಿಯ ನುಡಿಸಾಣಿಕೆ?

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನಾರ್ವೆಯ ಚಿತ್ರಕಲಾವಿದೆ ಹ್ಯಾರಿಯೆಟ್ ಬಾಕರ್ ಅವರನ್ನು ಕುರಿತು ಪ್ರಕಟವಾದ ಲೇಖನವನ್ನು ಬಹಳ ಸಂತೋಷದಿಂದ ಓದಿದೆ. 2024ರ ಸೆಪ್ಟೆಂಬರಿನಿಂದ 2025ರ ಜನವರಿಯವರೆಗೆ ಪ್ಯಾರಿಸ್ಸಿನ ಒರ್ಸೇ ವಸ್ತುಸಂಗ್ರಹಾಲಯದಲ್ಲಿ ನಡೆದ ಅವರ ಚಿತ್ರಪ್ರದರ್ಶನಕ್ಕೆ ‘ಬಣ್ಣಗಳ ಸಂಗೀತ’ ಎಂಬ ಹೆಸರು ಏಕೆ ಒಪ್ಪುತ್ತದೆ ಎಂಬುದನ್ನು ಲೇಖಕರು ಸೊಗಸಾಗಿ ವಿವರಿಸಿದ್ದಾರೆ; ದೀಪದ ಬೆಳಕಿನ ಕೋಣೆಗಳು, ಆ ಕೋಣೆಗಳಲ್ಲಿ ಪಿಯಾನೊ ಮುಂದೆ ಕುಳಿತ ಹೆಂಗಸರು, ಗೋಡೆಯ ಮೇಲೆ ಬಿದ್ದ ನೆರಳಿನಲ್ಲೂ ಇರುವ ಬಣ್ಣ, ಇವೆಲ್ಲವನ್ನೂ ಓದುಗರ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ಆದರೆ ಅದೇ ಲೇಖನದ ನಡುವೆ, ಚಿತ್ರಗಳಲ್ಲಿ ಪಿಯಾನೊ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣ ಹೇಳುವಾಗ, ಕಲಾವಿದೆಯ ತಂಗಿಯೊಬ್ಬರು ಹವ್ಯಾಸಕ್ಕೆ ಪಿಯಾನೊ ನುಡಿಸುತ್ತಿದ್ದರು ಎಂಬ ಅರ್ಧ ಸಾಲು ಬಂದಿದೆ. ಆ ಅರ್ಧ ಸಾಲಿಗಾಗಿ ಈ ಪತ್ರ. ಉದ್ದವಾಗಿದ್ದರೆ ಕತ್ತರಿಸುವ ಅಧಿಕಾರ ತಮ್ಮದು. ‘ಹವ್ಯಾಸ’ ಎಂಬ ಪದವನ್ನು ಮಾತ್ರ ದಯವಿಟ್ಟು ಹಾಗೆಯೇ ಬಿಡಬೇಡಿ.

ಆ ತಂಗಿಯ ಹೆಸರು ಅಗಾಥೆ ಬಾಕರ್ ಗ್ರೊಂಡಾಲ್. ಹತ್ತೊಂಬತ್ತನೆಯ ಶತಮಾನದ ನಾರ್ವೆ ಕಂಡ ಪಿಯಾನೊ ವಾದಕರಲ್ಲಿ ಅವರು ಅಗ್ರಗಣ್ಯರು. ಸುಮಾರು 70 ಓಪಸ್ (ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ) ಸಂಖ್ಯೆಗಳಲ್ಲಿ 400ರಷ್ಟು ಹಾಡುಗಳನ್ನೂ ಪಿಯಾನೊ ಕೃತಿಗಳನ್ನೂ ರಚಿಸಿದವರು. ಪಿಯಾನೊ ಪಾಠ ಹೇಳುವುದನ್ನು ಬದುಕಿನ ಕೊನೆಯವರೆಗೂ ಬಿಡದ ಶಿಕ್ಷಕಿ. ಅಕ್ಕತಂಗಿಯರ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ತಂಗಿ ಸಂಗೀತ ಕಲಿಯಲು ಯುರೋಪಿನ ಊರೂರಿಗೆ ಹೊರಟಾಗ ಜೊತೆಗೆ ಹೋದವರು ಅಕ್ಕ. ಬರ್ಲಿನ್, ಫ್ಲಾರೆನ್ಸ್, ವೈಮಾರ್‌ಗಳಲ್ಲಿ ತಂಗಿ ಪಿಯಾನೊ ಮುಂದೆ ಕುಳಿತಿದ್ದಾಗ ಅಕ್ಕ ಆಯಾ ಊರಿನ ಚಿತ್ರಶಾಲೆಗಳಲ್ಲಿ ಹಳೆಯ ಕಲಾವಿದರ ಚಿತ್ರಗಳನ್ನು ನಕಲು ಮಾಡುತ್ತಾ ಕೈ ಪಳಗಿಸಿಕೊಂಡರು. ಪ್ಯಾರಿಸ್ಸಿನ ಸಲೋನ್ ಎಂಬ ಪ್ರತಿಷ್ಠಿತ ಚಿತ್ರಪ್ರದರ್ಶನದಲ್ಲಿ ಹ್ಯಾರಿಯೆಟ್ ಅವರ ಚಿತ್ರ ಮೊದಲ ಬಾರಿಗೆ ತೂಗಿದ್ದು 1880ರಲ್ಲಿ. ಅಷ್ಟು ಹೊತ್ತಿಗೆ ಅಗಾಥೆ ಹತ್ತು ವರ್ಷಕ್ಕೂ ಮಿಕ್ಕಿ ಹೆಸರಾಗಿದ್ದರು. ಅಂದಿನವರು ‘ಪಿಯಾನೊ ವಾದಕಿಯ ಅಕ್ಕ’ ಎಂದು ಗುರುತಿಸಿದ್ದವರನ್ನು ನಾವಿಂದು ‘ಚಿತ್ರಕಲಾವಿದೆ’ ಎನ್ನುತ್ತೇವೆ, ಪಿಯಾನೊ ವಾದಕಿಯನ್ನು ‘ತಂಗಿಯೊಬ್ಬರು’ ಎನ್ನುತ್ತೇವೆ. ಇದರಲ್ಲಿ ಲೇಖಕರ ತಪ್ಪಿಗಿಂತ ಎರಡು ಕಲೆಗಳ ಹಣೆಬರಹದ ವ್ಯತ್ಯಾಸವೇ ಹೆಚ್ಚು ಎಂಬುದನ್ನು ನಾನು ಬಲ್ಲೆ.

ಅಗಾಥೆ ಹುಟ್ಟಿದ್ದು 1847ರ ಡಿಸೆಂಬರ್ 1ರಂದು, ಹೋಲ್ಮೆಸ್ಟ್ರಾಂಡ್ ಎಂಬ ಕಡಲತೀರದ ಸಣ್ಣ ಪಟ್ಟಣದಲ್ಲಿ. ಅನುಕೂಲಸ್ಥ ಮನೆ, ನಾಲ್ವರು ಹೆಣ್ಣುಮಕ್ಕಳು, ಮನೆಯಲ್ಲಿ ಸಂಗೀತಕ್ಕೂ ಚಿತ್ರಕ್ಕೂ ಒಲವಿತ್ತು. 1857ರಲ್ಲಿ ಕುಟುಂಬ ಕ್ರಿಸ್ಟಿಯಾನಿಯಾಕ್ಕೆ, ಅಂದರೆ 1925ರಲ್ಲಿ ಓಸ್ಲೊ ಎಂಬ ಹಳೆಯ ಹೆಸರನ್ನು ಮರಳಿ ಪಡೆದ ಈಗಿನ ರಾಜಧಾನಿಗೆ, ಬಂದು ನೆಲೆಸಿತು. ಅಲ್ಲಿ ಹುಡುಗಿಗೆ ದೊರೆತ ಗುರುಗಳು ಸಾಮಾನ್ಯರಲ್ಲ: ಒಟ್ಟೊ ವಿಂಟರ್-ಯೆಲ್ಮ್, ಹಾಡುಗಳ ರಚನೆಗೆ ಹೆಸರಾದ ಹಾಲ್ಫ್‌ಡಾನ್ ಶೆರುಲ್ಫ್, ಮತ್ತು ಹಳ್ಳಿಹಳ್ಳಿ ಸುತ್ತಿ ನಾರ್ವೆಯ ಜನಪದ ಮಟ್ಟುಗಳನ್ನು ಬರೆದಿಟ್ಟುಕೊಂಡ ಆರ್ಗನ್ ವಾದಕ ಲುಡ್ವಿಗ್ ಮಥಿಯಾಸ್ ಲಿಂಡೆಮಾನ್. ಗುರುಗಳಿದ್ದರು, ಶಾಲೆಯಿರಲಿಲ್ಲ. ಲಿಂಡೆಮಾನ್ ತಮ್ಮ ಮಗನೊಡನೆ ಕ್ರಿಸ್ಟಿಯಾನಿಯಾದಲ್ಲಿ ಆರ್ಗನ್ ವಾದಕರ ಶಾಲೆಯನ್ನು ತೆರೆದದ್ದು 1883ರಲ್ಲಿ, ಅದು ಮುಂದೆ ಸಂಗೀತ ವಿದ್ಯಾಲಯವಾಗಿ ಬೆಳೆಯಿತು. ಸರ್ಕಾರದ ಉನ್ನತ ಸಂಗೀತ ವಿದ್ಯಾಲಯ ಆ ದೇಶಕ್ಕೆ ಬಂದದ್ದು 1973ರಲ್ಲಿ. 1860ರ ದಶಕದಲ್ಲಿ ವೃತ್ತಿಪರ ಪಿಯಾನೊ ವಾದಕರಾಗಬೇಕೆಂದವರಿಗೆ ಜರ್ಮನಿಯ ಹಾದಿ ಹಿಡಿಯುವುದೇ ಉಳಿದಿದ್ದ ದಾರಿ.

1865ರಲ್ಲಿ ಅಗಾಥೆ ಬರ್ಲಿನ್ನಿನಲ್ಲಿ ಥಿಯೊಡರ್ ಕುಲ್ಲಾಕ್ ಅವರ ಸಂಗೀತ ಶಾಲೆಯನ್ನು ಸೇರಿದರು. ಕುಲ್ಲಾಕ್ ಬೇಥೋವನ್ನರ ಶಿಷ್ಯ ಚೆರ್ನಿಯ ಬಳಿ ಕಲಿತವರು, ಆಕ್ಟೇವ್ (ಎಂಟು ಸ್ವರದ ಅಂತರದ ಜೋಡಿಸ್ವರ) ನುಡಿಸಾಣಿಕೆಗೆಂದೇ ಅಭ್ಯಾಸದ ಪಠ್ಯ ಬರೆದವರು, ಬೆರಳು ಮತ್ತು ಮಣಿಕಟ್ಟಿನ ಶಿಸ್ತಿನಲ್ಲಿ ರಾಜಿಯಿಲ್ಲದವರು. ಆ ಕಾಲದ ಇನ್ನಿಬ್ಬರು ನಾರ್ವೆ ಪಿಯಾನೊ ವಾದಕರೂ ಅವರಲ್ಲಿಗೇ ಹೋಗಿದ್ದರು: 1869ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಾರ್ವೆಯ ಸಂಗೀತ ರಚನಕಾರ ಗ್ರೀಗ್ ಅವರ ಪಿಯಾನೊ ಕಾನ್ಸರ್ಟೊವನ್ನು (ವಾದ್ಯವೃಂದದೊಡನೆ ನುಡಿಸುವ ಕೃತಿ) ಮೊದಲ ಬಾರಿಗೆ ನುಡಿಸಿದ ಎಡ್ಮಂಡ್ ನೋಯ್‌ಪರ್ಟ್, ಮತ್ತು ಮುಂದೆ ನಿಸ್ಸೆನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಎರಿಕಾ ಲೀ. ಬರ್ಲಿನ್ನಿನಲ್ಲಿ ಅಗಾಥೆ ರಿಚರ್ಡ್ ವ್ಯೂರ್ಸ್ಟ್ ಅವರಿಂದ ರಚನಾಶಾಸ್ತ್ರವನ್ನೂ ಕಲಿತರು. ಊರಿಗೆ ಮರಳಿದ ಮೇಲೆ 1868ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಅವರು ವಾದ್ಯವೃಂದದೊಡನೆ ರಂಗಪ್ರವೇಶ ಮಾಡಿದಾಗ ವೃಂದವನ್ನು ನಡೆಸಿದವರು ಇಪ್ಪತ್ತೈದರ ಆಸುಪಾಸಿನ ತರುಣ ಎಡ್ವರ್ಡ್ ಗ್ರೀಗ್. ಅಂದು ಆರಂಭವಾದ ಸ್ನೇಹ ನಲವತ್ತು ವರ್ಷದಷ್ಟು ಕಾಲ ಉಳಿಯಿತು.

ಪಿಟೀಲು ವಾದಕ ಊಲೆ ಬುಲ್ ಅವರ ಶಿಫಾರಸಿನ ಮೇಲೆ 1871ರಲ್ಲಿ ಅಗಾಥೆ ಫ್ಲಾರೆನ್ಸಿಗೆ ಹೋಗಿ ಜರ್ಮನಿಯ ಪಿಯಾನೊ ವಾದಕ ಹಾನ್ಸ್ ಫಾನ್ ಬ್ಯೂಲೊ ಅವರ ಬಳಿ ಕಲಿತರು. ಬೇಥೋವನ್ನರ ಸೊನಾಟಾಗಳನ್ನು ಅಕ್ಷರಕ್ಷರ ಶೋಧಿಸಿ ಪರಿಷ್ಕರಿಸಿದ ಬ್ಯೂಲೊ ಪಾಠದಲ್ಲಿ ಚುಚ್ಚುಮಾತಿಗೂ ಖ್ಯಾತರು; ಅವರ ಮುಂದೆ ಕುಳಿತು ಎದ್ದು ಬಂದವರು ಗಟ್ಟಿಯಾಗಿಯೇ ಬರುತ್ತಿದ್ದರು. 1873ರಲ್ಲಿ ವೈಮಾರ್‌ಗೆ ಹೋಗಿ ಪಿಯಾನೊ ವಾದಕ, ರಚನಕಾರ ಫ್ರಾಂಜ್ ಲಿಸ್ಟ್ ಅವರ ಶಿಷ್ಯವೃಂದವನ್ನು ಸೇರಿದರು. ಲಿಸ್ಟ್ ಅಲ್ಲಿ ಪಾಠಕ್ಕೆ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಶಿಷ್ಯರು ತಂದಿಟ್ಟ ಸ್ವರಲಿಪಿಗಳ ರಾಶಿಯಿಂದ ತಮಗೆ ಬೇಕೆನಿಸಿದ್ದನ್ನು ಎತ್ತಿಕೊಂಡು, ಎಲ್ಲರೆದುರು ನುಡಿಸಲು ಹೇಳುತ್ತಿದ್ದರು. ಈ ಮೂವರು ಗುರುಗಳ ಹೆಸರನ್ನು ನಾನು ಹೇಳಿದ್ದು ಪ್ರತಿಷ್ಠೆಗಲ್ಲ. ಕುಲ್ಲಾಕ್ ಕೈಯನ್ನು ತಿದ್ದಿದರು, ಬ್ಯೂಲೊ ಸ್ವರಲಿಪಿ ಓದುವ ಕಣ್ಣನ್ನು ತಿದ್ದಿದರು, ಲಿಸ್ಟ್ ಸಭೆಯೆದುರು ಕೂರುವ ಧೈರ್ಯ ಕೊಟ್ಟರು ಎಂದು ಕೊಂಚ ಸರಳ ಮಾಡಿಯೇ ಹೇಳಬಹುದು. ಅಂಥ ತಾಲೀಮು ಪಡೆದು, ಬೇಥೋವನ್ನರ ‘ಎಂಪರರ್’ ಕಾನ್ಸರ್ಟೊವಿನ ನುಡಿಸಾಣಿಕೆಗೆ ಹೆಸರಾದವರನ್ನು ಹವ್ಯಾಸಿ ಎನ್ನುವುದು ಹೇಗೆ?

1875ರಲ್ಲಿ ಅವರು ಗಾಯನ ಶಿಕ್ಷಕರೂ ಗಾಯಕವೃಂದದ ನಿರ್ದೇಶಕರೂ ಆಗಿದ್ದ ಓಲಾಸ್ ಆಂಡ್ರಿಯಾಸ್ ಗ್ರೊಂಡಾಲ್ ಅವರನ್ನು ಮದುವೆಯಾಗಿ, ಕ್ರಿಸ್ಟಿಯಾನಿಯಾದಲ್ಲಿ ನೆಲೆ ನಿಂತರು. ಇಬ್ಬರೂ ಪಾಠ ಹೇಳುವವರು. ಮನೆಯ ಒಂದು ಕಡೆ ಕಂಠ, ಇನ್ನೊಂದು ಕಡೆ ಪಿಯಾನೊ ಎಂದು ಊಹಿಸಿಕೊಂಡರೆ ನನಗೆ ಆ ಮನೆಯ ಅಕ್ಕಪಕ್ಕದವರ ಮೇಲೆ ಸ್ವಲ್ಪ ಕನಿಕರವೂ ಮೂಡುತ್ತದೆ. ಮಕ್ಕಳಾದ ಮೇಲೂ ಅಗಾಥೆ ಕಛೇರಿಗಳನ್ನು ಕೈಬಿಡಲಿಲ್ಲ. 1889ರಲ್ಲಿ ಲಂಡನ್ನಿನಲ್ಲೂ, ಅದೇ ವರ್ಷದ ವಿಶ್ವಮೇಳದ ಸಂದರ್ಭದಲ್ಲಿ ಪ್ಯಾರಿಸ್ಸಿನಲ್ಲೂ ನುಡಿಸಿದರು. ಆಗ ಲಂಡನ್ನಿನ ಪತ್ರಿಕೆಯೊಂದಕ್ಕೆ ‘ಕಾರ್ನೊ ಡಿ ಬಸೆಟ್ಟೊ’ ಎಂಬ ಕಾವ್ಯನಾಮದಲ್ಲಿ ಸಂಗೀತ ವಿಮರ್ಶೆ ಬರೆಯುತ್ತಿದ್ದವರು ಜಾರ್ಜ್ ಬರ್ನಾರ್ಡ್ ಷಾ. ಹೊಗಳಿಕೆಯಲ್ಲಿ ಬಲು ಜಿಪುಣರಾದ ಷಾ, ಈ ನಾರ್ವೆಯ ವಾದಕಿಯ ವಿಷಯದಲ್ಲಿ ಮಾತ್ರ ಕೈ ಬಿಚ್ಚಿ ಬರೆದರು. ಗಂಭೀರ ಕಲಾವಿದೆ, ಸಾಟಿಯಿಲ್ಲದವರು ಎಂಬ ಅರ್ಥದ ಮಾತುಗಳನ್ನು ಅವರ ವಿಮರ್ಶೆಯಲ್ಲಿ ಇಂದಿಗೂ ಓದಬಹುದು.

ಷಾ ಅವರೊಡನೆ ಮುಖತಃ ಮಾತಾಡುವಾಗ, ಪತ್ನಿಯಾಗಿ ತಾಯಿಯಾಗಿ ಬದುಕಿದ ಅನುಭವವೇ ತಮ್ಮನ್ನು ಕಲಾವಿದೆಯಾಗಿಸಿದೆ ಎಂದು ಅಗಾಥೆ ಹೇಳಿದರಂತೆ, ಆ ಮಾತಿಗೆ ತಮಗೆ ಉತ್ತರವೇ ಹೊಳೆಯಲಿಲ್ಲ ಎಂದು ಷಾ ಬರೆದುಕೊಂಡಿದ್ದಾರೆ. ಈ ಪ್ರಸಂಗವನ್ನು ಉದ್ಧರಿಸುವವರು ಬಹಳ. ನನಗೆ ಮಾತ್ರ ಅದನ್ನು ಓದಿದಾಗಲೆಲ್ಲ ಸ್ವಲ್ಪ ಇರಿಸುಮುರಿಸು. ಮಾತು ಸುಳ್ಳೆಂದಲ್ಲ. ಬರ್ಲಿನ್, ಫ್ಲಾರೆನ್ಸ್, ವೈಮಾರ್‌ಗಳಲ್ಲಿ ದಿನವೂ ಗಂಟೆಗಟ್ಟಲೆ ಕೂತು ಮಾಡಿದ ಸಾಧನೆಯನ್ನು ಆಕೆ ಹೇಳಿಕೊಳ್ಳದೆ ಬಿಟ್ಟಿದ್ದನ್ನೇ ನೆಪ ಮಾಡಿಕೊಂಡು, ಆಕೆಯ ಕಲೆಯನ್ನು ಮನೆಯೊಳಗೆ ತನ್ನಷ್ಟಕ್ಕೆ ತಾನೇ ಅರಳಿದ ಹೂವಿನಂತೆ ಬಣ್ಣಿಸುವವರಿಗೆ ಈ ಮಾತು ಬಲು ಅನುಕೂಲ. ತಮ್ಮ ಲೇಖನದ ‘ಹವ್ಯಾಸ’ ಎಂಬ ಪದದ ಬೇರು ಬಹುಶಃ ಇಂಥ ಬರಹಗಳಲ್ಲೇ ಇರಬೇಕು.

ಗ್ರೀಗ್ ಅವರ ಪ್ರಸಿದ್ಧ ಹೊಗಳಿಕೆಯೂ ಇದೇ ಜಾತಿಯದು. ಮಿಮೋಸಾ ಗಿಡ ಹಾಡಬಲ್ಲದಾಗಿದ್ದರೆ ಅದರ ದನಿ ಅಗಾಥೆ ಅವರ ಅತ್ಯಂತ ಸುಂದರವಾದ, ಆಪ್ತವಾದ ರಚನೆಗಳಂತೆ ಕೇಳಿಸುತ್ತಿತ್ತು ಎಂಬರ್ಥದ ಮಾತನ್ನು ಅವರು ಆಡಿದ್ದಾರೆ. ಮಿಮೋಸಾ ಎಂದರೆ ನಮ್ಮ ಮುಟ್ಟಿದರೆ ಮುನಿಯ ಕುಲದ ಗಿಡ. ಹೋಲಿಕೆ ಚೆಲುವಾಗಿದೆ, ಸ್ನೇಹಿತನೊಬ್ಬ ಪ್ರೀತಿಯಿಂದ ಆಡಿದ ಮಾತು. ‘ಬೇಸಿಗೆಯ ಹಾಡು’ ಎಂಬ ಹೆಸರಿನ ಪುಟ್ಟ ಪಿಯಾನೊ ಕೃತಿಯನ್ನು ಕೇಳಿದವರಿಗೆ ಅದು ನಿಜವೆಂದೂ ಅನಿಸುತ್ತದೆ. ಆದರೆ ಓಪಸ್ 11ರ ಆರು ಕಛೇರಿ ಎಟ್ಯೂಡ್‌ಗಳನ್ನು (ಅಭ್ಯಾಸದ ಕೃತಿಗಳನ್ನು) ಕೇಳಿದವರು ಮುಟ್ಟಿದರೆ ಮುನಿಯನ್ನು ನೆನೆಸಿಕೊಳ್ಳುವುದು ಕಷ್ಟ. ಅಲ್ಲಿ ಕೈ ಅಗಲಿಸಿ ಕೀಲಿಮಣೆಯ ಉದ್ದಕ್ಕೂ ಓಡುವ ಕೆಲಸವಿದೆ, ತೋಳಿನ ಭಾರವನ್ನು ಇಳಿಸಿ ಎತ್ತುವ ಕೆಲಸವಿದೆ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇರುವುದು ಈ ಎಟ್ಯೂಡ್‌ಗಳಲ್ಲೇ. ಚಿತ್ರಕಾರರು ಹೋದರೂ ಅವರ ಕುಂಚದ ಗುರುತು ಬಟ್ಟೆಯ ಮೇಲೆ ಉಳಿಯುತ್ತದೆ. 1907ರಲ್ಲಿ ತೀರಿಕೊಂಡ ವಾದಕಿಯ ನುಡಿಸಾಣಿಕೆ ಹಾಗಲ್ಲ. ಧ್ವನಿಮುದ್ರಣ ಆಗಷ್ಟೇ ಕಣ್ಣು ಬಿಡುತ್ತಿತ್ತು. ಗ್ರೀಗ್ ಅವರು 1903ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಕೆಲವು ಕೃತಿಗಳನ್ನು ನುಡಿಸಿ ಮುದ್ರಿಸಿದ್ದರಿಂದ, ಗರಗರ ಸದ್ದಿನ ನಡುವೆಯಾದರೂ ಅವರ ಕೈಯ ನಡೆ ನಮಗೆ ಕೇಳಿಸುತ್ತದೆ. ಅಗಾಥೆ ಅವರ ನುಡಿಸಾಣಿಕೆ ನಮಗೆ ಕೇಳಲು ಉಳಿದಿಲ್ಲ. ಉಳಿದಿರುವುದು ವಿಮರ್ಶಕರ ಮಾತು ಮತ್ತು ಅಚ್ಚಾದ ಸ್ವರಲಿಪಿ. ವಿಮರ್ಶಕರ ಮಾತಿನಿಂದ ಕೇಳಿದವರಿಗೆ ಏನೆನಿಸಿತು ಎಂಬುದು ತಿಳಿಯುತ್ತದೆ, ಕೈ ಹೇಗೆ ನಡೆಯಿತು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಸ್ವರಲಿಪಿಯ ಬಳಿಗೇ ಹೋಗಬೇಕು.

ಎಟ್ಯೂಡ್ ಎಂದರೆ ಅಭ್ಯಾಸದ ಕೃತಿ. ಒಂದು ನಿರ್ದಿಷ್ಟ ತೊಡಕನ್ನು, ಅಂದರೆ ಹೆಬ್ಬೆರಳನ್ನು ಕೆಳಗಿನಿಂದ ದಾಟಿಸುವುದನ್ನೋ, ನಾಲ್ಕನೆಯ ಮತ್ತು ಐದನೆಯ ಬೆರಳಿಗೆ ಬಲ ಬರಿಸುವುದನ್ನೋ, ಒಂದೇ ಕೈಯಲ್ಲಿ ಹಾಡಿನ ಎಳೆಯನ್ನೂ ಅದರ ಒತ್ತಾಸೆಯನ್ನೂ ಬೇರೆ ಬೇರೆ ತೂಕದಲ್ಲಿ ನುಡಿಸುವುದನ್ನೋ ಎತ್ತಿಕೊಂಡು, ಅದರ ಸುತ್ತ ಸಂಗೀತವನ್ನು ಕಟ್ಟುತ್ತಾರೆ. ಶೋಪ್ಯಾನ್ ಮತ್ತು ಲಿಸ್ಟ್ ಅದನ್ನು ಕೋಣೆಯ ಕಸರತ್ತಿನಿಂದ ಎತ್ತಿ ಕಛೇರಿಯ ವೇದಿಕೆಗೆ ತಂದರು. ಒಳ್ಳೆಯ ಎಟ್ಯೂಡ್ ಬರೆಯಲು ರಚನಾಶಾಸ್ತ್ರ ಗೊತ್ತಿದ್ದರೆ ಸಾಲದು. ಎಷ್ಟನೆಯ ಪಂಕ್ತಿಯಲ್ಲಿ ಮಣಿಕಟ್ಟು ಬಿಗಿಯುತ್ತದೆ, ಎಲ್ಲಿ ಕಲಿಯುವವರ ಉಸಿರು ನಿಲ್ಲುತ್ತದೆ, ಎಲ್ಲಿ ಅರೆಕ್ಷಣ ಬಿಡುವು ಕೊಡದಿದ್ದರೆ ಕೈಗೆ ನೋವಾಗುತ್ತದೆ ಎಂಬುದು ಬರೆಯುವವರ ಮೈಗೇ ಗೊತ್ತಿರಬೇಕು. ಕಲಿತೂ ಕಲಿಸಿಯೂ ಇರುವವರಿಗೆ ಮಾತ್ರ ಸಾಧ್ಯವಾಗುವ ಬರವಣಿಗೆ ಇದು. ಕೆಲವು ವರ್ಷ ಪಿಯಾನೊ ಕಲಿತು, ಮುಂದುವರಿಸಲಾಗದೆ ನಿಲ್ಲಿಸಿದವಳು ನಾನು. ಓಪಸ್ 11ರ ಒಂದು ಎಟ್ಯೂಡನ್ನು ಅರ್ಧ ವೇಗದಲ್ಲಿ, ತಪ್ಪುಗಳೊಡನೆ, ನುಡಿಸಲು ಯತ್ನಿಸಿದಾಗ ಆದ ಅನುಭವ ಇಷ್ಟೇ: ಇನ್ನು ಸಾಧ್ಯವಿಲ್ಲ ಎನ್ನುವ ಹೊತ್ತಿಗೆ ಕೈಗೆ ತುಸು ಸುಲಭದ ಜಾಗ ಸಿಗುತ್ತಿತ್ತು. ಪಕ್ಕದಲ್ಲಿ ಶಿಕ್ಷಕಿಯೊಬ್ಬರು ಕುಳಿತು ನೋಡುತ್ತಿರುವಂತೆ ಅನಿಸಿತು. ಇದು ನನ್ನ ಭಾವುಕತೆ ಎಂದು ಯಾರಾದರೂ ನಕ್ಕರೆ ಬೇಸರವಿಲ್ಲ.

ಆದ್ದರಿಂದ ಅಗಾಥೆ ಅವರನ್ನು ವಾದಕಿ, ಶಿಕ್ಷಕಿ, ರಚನಕಾರ್ತಿ ಎಂದು ಮೂರು ಕಪಾಟುಗಳಲ್ಲಿ ಇಟ್ಟು ನೋಡುವ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ. ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ರಚನಕಾರ್ತಿ ಎಂಬ ನೆಲೆಯಲ್ಲಿ ಒಂದೆರಡು ಪುಟ ಸಿಗುತ್ತದೆ, ಅದೂ ಗ್ರೀಗ್ ಅವರ ನೆರಳಿನಲ್ಲಿ. ಸಿಂಫನಿ ಬರೆಯಲಿಲ್ಲ, ಹಾಡು ಮತ್ತು ಸಣ್ಣ ಕೃತಿಗಳಿಗೇ ನಿಂತರು ಎಂಬ ಆಕ್ಷೇಪವೂ ಅದರ ಜೊತೆಗೇ ಬರುತ್ತದೆ. ಅವರ ಕಾಲದಲ್ಲಿ ಸಣ್ಣ ಪಿಯಾನೊ ಕೃತಿ ಮನೆಮನೆಯ ಪಿಯಾನೊ ಮೇಲೆ ತೆರೆದಿರುತ್ತಿದ್ದ ಪುಟವಾಗಿತ್ತು, ಪಾಠದ ಸಾಮಗ್ರಿಯಾಗಿತ್ತು. ಓಪಸ್ 30 ಮತ್ತು 33ರಲ್ಲಿ ಅವರು ನಾರ್ವೆಯ ಜನಪದ ಹಾಡು ಮತ್ತು ಕುಣಿತದ ಮಟ್ಟುಗಳನ್ನು ಪಿಯಾನೊಗೆ ಅಳವಡಿಸಿದ್ದಾರೆ. ಬಾಲ್ಯದ ಗುರು ಲಿಂಡೆಮಾನ್ ಹಳ್ಳಿಗಳಿಂದ ಹೊತ್ತು ತಂದ ಮಟ್ಟುಗಳ ಬಗೆಗಿನ ಆಸ್ಥೆ ಶಿಷ್ಯೆಯ ಕೈಯಲ್ಲಿ ಹೀಗೆ ಮುಂದುವರಿಯಿತು. ಸ್ವೀಡನ್ನಿನ ರಾಜನ ಆಳ್ವಿಕೆಯಡಿ ಇದ್ದು, 1905ರಲ್ಲಷ್ಟೇ ಆ ಒಕ್ಕೂಟದಿಂದ ಬಿಡಿಸಿಕೊಂಡ ದೇಶದಲ್ಲಿ ಇಂಥ ಮಟ್ಟುಗಳನ್ನು ಮಕ್ಕಳ ಬೆರಳಿಗೆ ತಲುಪಿಸುವುದು ಸಣ್ಣ ಕೆಲಸವಾಗಿರಲಿಲ್ಲ.

ಕಿವುಡುತನದ ವಿಷಯವನ್ನೂ ಹೇಳಲೇಬೇಕು, ಏಕೆಂದರೆ ಅವರ ಬಗ್ಗೆ ಬರೆಯುವವರೆಲ್ಲ ತಪ್ಪದೆ ಅಲ್ಲಿಗೆ ಬಂದು, ಬೇಥೋವನ್ನರ ಹೆಸರೆತ್ತಿ, ಕಣ್ಣೀರು ಒರೆಸಿಕೊಂಡು ಮುಗಿಸಿಬಿಡುತ್ತಾರೆ. ಕಿವಿಯ ತೊಂದರೆ ಒಂದೇ ದಿನ ಬಂದು ಬಾಗಿಲು ಮುಚ್ಚಲಿಲ್ಲ. ವರ್ಷಗಳ ಉದ್ದಕ್ಕೂ ಏರುತ್ತಾ ಹೋಯಿತು. ಆ ನಡುವೆ ಅವರು ಕಛೇರಿಗಳನ್ನು ಕಡಿಮೆ ಮಾಡಿ ರಚನೆಗೆ ಹೆಚ್ಚು ಸಮಯ ಕೊಟ್ಟರು. ಮತ್ತೆ 1898ರಿಂದ ವೇದಿಕೆಗೆ ಬಂದರು. ಹೊಸ ಶತಮಾನದ ಆರಂಭದಲ್ಲಿ ಸ್ವೀಡನ್ ಮತ್ತು ಫಿನ್‌ಲ್ಯಾಂಡ್‌ಗಳಲ್ಲಿ ಕೊನೆಯ ಕಛೇರಿಗಳನ್ನು ಕೊಟ್ಟಾಗ ಅವರಿಗೆ ಬಹುತೇಕ ಏನೂ ಕೇಳಿಸುತ್ತಿರಲಿಲ್ಲ. ನುಡಿಸುವವರಿಗೆ ಸ್ವರ ಕೇಳಿಸದಿದ್ದರೂ ಬೆರಳಿನ ನೆನಪು, ಕೀಲಿಯ ಆಳ, ಪೆಡಲ್ಲಿನ ಮೇಲೆ ಕಾಲಿನ ಒತ್ತಡ ಇವೆಲ್ಲ ಇರುತ್ತವೆ. ಆದರೆ ಆ ಸಭಾಂಗಣದಲ್ಲಿ ಆ ಹೊತ್ತು ಸದ್ದು ಹೇಗೆ ಹರಡುತ್ತಿದೆ ಎಂಬುದನ್ನು ಕಿವಿಯಿಲ್ಲದೆ ಅಳೆಯುವುದು ಬಲು ಕಷ್ಟ. ಅದನ್ನೂ ದಾಟಿ ನುಡಿಸಿದ್ದು ಮೂವತ್ತು ವರ್ಷಕ್ಕೂ ಮೀರಿದ ಸಾಧನೆಯ ಬಲದಿಂದ.

ವೇದಿಕೆ ಬಿಟ್ಟ ಮೇಲೆ ಉಳಿದದ್ದು ಪಾಠ. ಕೇಳಿಸದ ಶಿಕ್ಷಕಿ ಕಲಿಸುವುದು ಹೇಗೆ ಎಂಬ ಪ್ರಶ್ನೆ ಸಹಜವೇ. ಪಿಯಾನೊ ಪಾಠವನ್ನು ಹೊರಗಿನಿಂದ ನೋಡಿದವರಿಗೆ ಅದು ಕಿವಿಯ ಕೆಲಸವೆಂದಷ್ಟೇ ಕಾಣುತ್ತದೆ. ಆದರೆ ಅನುಭವಿ ಶಿಕ್ಷಕರು ಸದ್ದು ಹೊರಡುವ ಮುನ್ನವೇ ತಪ್ಪನ್ನು ಕಾಣುತ್ತಾರೆ: ಭುಜ ಮೇಲೇರಿರುತ್ತದೆ, ಹೆಬ್ಬೆರಳು ಗಟ್ಟಿಯಾಗಿ ಅಂಟಿರುತ್ತದೆ, ಕಿರುಬೆರಳು ಮಡಚಿ ಬಿದ್ದಿರುತ್ತದೆ. ಅಂಥ ಕೈಯಿಂದ ಎಂಥ ಸ್ವರ ಬಂದೀತೆಂಬುದನ್ನು ಹೇಳಲು ಅವರಿಗೆ ಕಣ್ಣೇ ಸಾಕು. ಅಗಾಥೆ ಅವರ ಕೊನೆಯ ವರ್ಷಗಳ ಪಾಠ ಹೀಗೆಯೇ ನಡೆದಿರಬೇಕು ಎಂಬುದು ನನ್ನ ಊಹೆ. ಕುಲ್ಲಾಕ್ ಅವರ ಶಾಲೆಯಲ್ಲಿ ಪಳಗಿದವರಿಗೆ ಇದು ಹೊಸದೂ ಆಗಿರಲಾರದು.

ಅವರ ಶಿಷ್ಯರಲ್ಲಿ ಒಬ್ಬರು ಅವರ ಮಗನೇ. 1885ರಲ್ಲಿ ಹುಟ್ಟಿದ ಫ್ರಿಟ್ಯೋಫ್ ಬಾಕರ್-ಗ್ರೊಂಡಾಲ್ ತಾಯಿಯಿಂದ ಕಲಿತು, ಬರ್ಲಿನ್ನಿನಲ್ಲಿ ಕಲಿಕೆ ಮುಂದುವರಿಸಿ, ಪಿಯಾನೊ ವಾದಕರಾಗಿ ಹೆಸರು ಮಾಡಿ, ತಾಯಿಯ ಕೃತಿಗಳನ್ನು ತಮ್ಮ ಕಛೇರಿಗಳಲ್ಲಿ ನುಡಿಸಿದರು. ಉಳಿದ ಶಿಷ್ಯರ ಮಾತು ಬಂದಾಗ ಮತ್ತೆ ಅಕ್ಕತಂಗಿಯರ ವ್ಯತ್ಯಾಸವೇ ಎದುರಾಗುತ್ತದೆ. ಹ್ಯಾರಿಯೆಟ್ ಅವರೂ ಕ್ರಿಸ್ಟಿಯಾನಿಯಾದಲ್ಲಿ ಚಿತ್ರಶಾಲೆ ನಡೆಸಿದವರು. ಅಲ್ಲಿ ಕಲಿತ ನಿಕೊಲಾಯ್ ಆಸ್ಟ್ರುಪ್, ಹರಾಲ್ಡ್ ಸೂಲ್‌ಬರ್ಗ್ ಅವರ ಹೆಸರುಗಳು ನಾರ್ವೆಯ ಕಲಾಚರಿತ್ರೆಯಲ್ಲಿ ಗುರುವಿನ ಹೆಸರಿನೊಡನೆ ಬರುತ್ತವೆ. ಪಿಯಾನೊ ಶಿಕ್ಷಕಿಯ ಶಿಷ್ಯರು ಬಹುಪಾಲು ತಾವೂ ಯಾವುದೋ ಮನೆಯಲ್ಲಿ ಇನ್ನೊಂದು ಮಗುವಿನ ಪಕ್ಕ ಕುಳಿತು ಮಣಿಕಟ್ಟನ್ನು ಸಡಿಲ ಬಿಡು ಎನ್ನುವವರೇ ಆಗುತ್ತಾರೆ. ಅವರ ಹೆಸರನ್ನು ಯಾರೂ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವುದಿಲ್ಲ.

1907ರ ಜೂನ್ 4ರಂದು ಕ್ರಿಸ್ಟಿಯಾನಿಯಾದ ಹೊರಗಿನ ಓರ್ಮೊಯಾ ದ್ವೀಪದ ತಮ್ಮ ಮನೆಯಲ್ಲಿ ಅಗಾಥೆ ತೀರಿಕೊಂಡರು. ಅವರಿಗೆ 59 ವರ್ಷ. ಸರಿಯಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 4ರಂದು, ಬೆರ್ಗೆನ್ನಿನಲ್ಲಿ ಗ್ರೀಗ್ ತೀರಿಕೊಂಡರು; ಇಡೀ ದೇಶದ ಗಮನ ಅತ್ತ ಹರಿಯಿತು. ಅಕ್ಕ ಹ್ಯಾರಿಯೆಟ್ 1932ರವರೆಗೆ ಬದುಕಿದರು. ಇತ್ತೀಚಿನ ದಶಕಗಳಲ್ಲಿ ನಾರ್ವೆಯ ಪಿಯಾನೊ ವಾದಕರು ಅಗಾಥೆ ಅವರ ಕೃತಿಗಳನ್ನು ಧ್ವನಿಮುದ್ರಿಸಿದ್ದಾರೆ, ಸ್ವರಲಿಪಿಗಳೂ ಸುಲಭವಾಗಿ ದೊರೆಯುತ್ತಿವೆ. ಆಸಕ್ತ ಓದುಗರು ಓಪಸ್ 11ರಿಂದಲೇ ಆರಂಭಿಸಿ, ಆಮೇಲೆ ‘ಬೇಸಿಗೆಯ ಹಾಡು’ ಕೇಳಲಿ ಎಂಬುದು ನನ್ನ ಸಲಹೆ. ಹಿಂದುಮುಂದಾದರೆ ಗ್ರೀಗ್ ಅವರ ಮುಟ್ಟಿದರೆ ಮುನಿ ಮತ್ತೆ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಮುಂದಿನ ಭಾನುವಾರದ ಪುರವಣಿಯಲ್ಲಿ, ಒಂದು ಮೂಲೆಯಲ್ಲಾದರೂ ಸರಿ, ‘ಹವ್ಯಾಸಕ್ಕೆ ಪಿಯಾನೊ ನುಡಿಸುತ್ತಿದ್ದ ತಂಗಿ’ ಎಂಬುದನ್ನು ‘ಪಿಯಾನೊ ವಾದಕಿಯೂ ಶಿಕ್ಷಕಿಯೂ ಆಗಿದ್ದ ತಂಗಿ ಅಗಾಥೆ ಬಾಕರ್ ಗ್ರೊಂಡಾಲ್’ ಎಂದು ಓದಿಕೊಳ್ಳಬೇಕೆಂಬ ತಿದ್ದುಪಡಿಯನ್ನು ಪ್ರಕಟಿಸಬೇಕು. ಜೊತೆಗೆ, ಆ ಲೇಖನವನ್ನು ಬರೆದವರು ಚಿತ್ರಗಳನ್ನು ಕಂಡಷ್ಟೇ ಸೂಕ್ಷ್ಮವಾಗಿ ಆ ಎಟ್ಯೂಡ್‌ಗಳನ್ನೂ ಕೇಳಿ, ತಮಗೆ ಏನು ಕೇಳಿಸಿತೆಂದು ಬರೆದರೆ, ಓದಲು ನಾನು ಕಾದಿರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು